ಹದಿಮೂರರ ನಂತರದ ಗುಂಡು

ಹೀರೋಯಿನ್ನು ಮಳೆಯಲ್ಲಿ ಓಡುತ್ತಾಳೆ. ಬೆನ್ನಿಗೊಂದು ಬುಟ್ಟಿ, ಹಿಂದೆ ಹೀರೋ. ಗಕ್ಕನೆ ನಿಂತು, ಕೂದಲಿನ ನೀರು ಕೊಡವಿ, "ಇದು ನಮ್ಮಜ್ಜ ನೆಟ್ಟ ಕಾಫಿ ತೋಟ" ಎನ್ನುತ್ತಾಳೆ. ಅವಳ ಹಿಂದೆ ಗುಡ್ಡದ ತುದಿಯವರೆಗೂ ಸೊಂಟದೆತ್ತರಕ್ಕೆ ಸಮನಾಗಿ ಕತ್ತರಿಸಿದ ಚಹಾ ಗಿಡ.

"ಅಳಿಯಂದ್ರೆ, ನಾವು ಊಟಿ ಸಿನಿಮಾಕ್ಕೆ ಬಂದು ಕೂತ್ವಾ?" ಎಂದರು ಮಾವ.

ಇದನ್ನು ನೋಡಲೆಂದು ಕಳೆದ ಭಾನುವಾರ ನಾನು ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ಕಾರು ಓಡಿಸಿದ್ದೆ. ಜುಲೈ ಮಳೆ. ಸುಂಟಿಕೊಪ್ಪದವರೆಗೆ ಮಂಜಿನಲ್ಲಿ ಮುಂದಿನ ಲಾರಿಯ ಕೆಂಪು ದೀಪವೇ ದೇವರು. ಕುಶಾಲನಗರ ದಾಟಿದ ಮೇಲೆ ಮಳೆ ನಿಂತಿತು, ಪಿರಿಯಾಪಟ್ಟಣದಲ್ಲಿ ಬಿಸಿಲು ಬಂತು, ಹುಣಸೂರಿಗೆ ಬರುವಷ್ಟರಲ್ಲಿ ಮಾವ ಸ್ವೆಟರ್ ಬಿಚ್ಚಿದರು. ಮೂರು ಗಂಟೆಯ ಹಾದಿ. ಅಷ್ಟು ದೂರ ಹೋಗಿ ನೋಡಿದ್ದು ನಮ್ಮೂರಿನ ಕಥೆ! ಪೋಸ್ಟರಿನಲ್ಲಿ ಹಾಗೇ ಇತ್ತು: ಕೊಡಗಿನ ವೀರ ಸೈನಿಕನೊಬ್ಬನ ಕಥೆ. ಮನೆಯಲ್ಲೇ ಒಬ್ಬ ಕೊಡಗಿನ ಸೈನಿಕರಿರುವಾಗ ಬಿಡಲಾದೀತೇ?

ದಕ್ಷಿಣ ಕೊಡಗಿನಲ್ಲಿ ಅಲ್ಲೊಂದು ಇಲ್ಲೊಂದು ಚಹಾ ತೋಟವಿದೆ, ಒಪ್ಪಿದೆ. ಆದರೆ ಅದನ್ನು ಕಾಫಿ ಎನ್ನುವವರು ಯಾರೂ ಇಲ್ಲ. ಹೋಗಲಿ ಎಂದರೆ ಮುಂದಿನ ಹಾಡಿನಲ್ಲಿ ನಿಜವಾದ ಕಾಫಿ ಗಿಡ ಬಂತು, ತುಂಬ ಕೆಂಪು ಹಣ್ಣು, ಮೇಲೆ ಜಡಿಮಳೆ. ಹಣ್ಣಾಗುವುದು ನವೆಂಬರಿನಿಂದ ಫೆಬ್ರವರಿಯೊಳಗೆ. ಆಗ ಒಂದು ಮೋಡ ಕಂಡರೂ ಕಣದಲ್ಲಿ ಕಾಫಿ ಹರವಿದವರ ಎದೆ ಒಡೆಯುತ್ತದೆ. ಇವರಿಬ್ಬರು ಅದರ ಮೇಲೆ ಕುಣಿಯುತ್ತಿದ್ದಾರೆ. ಹುಲ್ಲಿನಲ್ಲಿ ಉರುಳಿದ್ದೂ ಆಯಿತು. ಒಂದೇ ಒಂದು ಜಿಗಣೆ ಕಚ್ಚಲಿಲ್ಲ. ನಾನು ಮನೆಯ ಗೇಟು ಹಾಕಿ ಬರುವಷ್ಟರಲ್ಲಿ ಎರಡು ಹತ್ತಿರುತ್ತವೆ. ಮದುವೆಯ ಸೀನಿನಲ್ಲಿ ಕೊಡಗಿನ ಹುಡುಗಿ ಬೆನ್ನ ಹಿಂದೆ ಇರಬೇಕಾದ ಸೀರೆಯ ನೆರಿಗೆಯನ್ನು ಮುಂದಕ್ಕೆ ಹಾಕಿಕೊಂಡು ಬಂದಾಗ ನನ್ನ ಹೆಂಡತಿ ನಿಟ್ಟುಸಿರು ಬಿಟ್ಟಿದ್ದು ಎ.ಸಿ. ಸದ್ದನ್ನೂ ಮೀರಿ ಕೇಳಿಸಿತು.

2006ರ ಕೊನೆಗೆ 'ಮುಂಗಾರು ಮಳೆ' ಬಂದಾಗಿನಿಂದ ನಮ್ಮ ಮಳೆಗೆ ಬೆಲೆ ಏರಿದೆ. ಆ ಸಿನಿಮಾದ ಮೇಲೆ ನನಗೇನೂ ಸಿಟ್ಟಿಲ್ಲ. ನಾನೂ ಎರಡು ಸಲ ನೋಡಿದ್ದೇನೆ. ಆದರೆ ಆಮೇಲೆ ಬಂದವರೆಲ್ಲ ಮಡಿಕೇರಿಯಲ್ಲಿ ನೆನೆದವರಿಗೆ ಪ್ರೇಮ ಹುಟ್ಟುತ್ತದೆ ಎಂದೇ ನಂಬಿದ್ದಾರೆ. ನಮಗೆ ಹುಟ್ಟುವುದು ಕೆಮ್ಮು.

ಇಷ್ಟೂ ಸಹಿಸಬಹುದಿತ್ತು, ಪಕ್ಕದಲ್ಲಿ ಮಾವ ಇಲ್ಲದಿದ್ದರೆ.

ಮಾವ ನಿವೃತ್ತ ಸುಬೇದಾರರು. ಕೊಡಗಿನಲ್ಲಿ ಇದು ದೊಡ್ಡ ಸುದ್ದಿಯಲ್ಲ. ಇಲ್ಲಿ ಕಣ್ಣು ಮುಚ್ಚಿ ಕಲ್ಲು ಬೀಸಿದರೂ ಅದು ಒಬ್ಬ ಮಾಜಿ ಸೈನಿಕರಿಗೆ ತಾಗುತ್ತದೆ, ಅವರು ಕಲ್ಲು ಬಂದ ದಿಕ್ಕು ಲೆಕ್ಕ ಹಾಕಿ ಸೀದಾ ನಿಮ್ಮ ಮನೆಗೆ ಬರುತ್ತಾರೆ. ನಾಪೋಕ್ಲು ಕಡೆಯ ಅವರ ಮನೆಯಲ್ಲಿ ಮಳೆಗೆ ಕರೆಂಟು ಹೋದರೆ ನಾಲ್ಕು ದಿನ ಪತ್ತೆಯಿಲ್ಲ, ಹಾಗಾಗಿ ಜುಲೈ ಬಂತೆಂದರೆ ನಮ್ಮ ಮನೆಗೆ ಬರುತ್ತಾರೆ. ಬರುವಾಗ ಜೇಬಿನ ತುಂಬ ಸುಟ್ಟ ಹಲಸಿನ ಬೀಜ. ಥಿಯೇಟರಿನ ಬಾಗಿಲಲ್ಲಿ ಸೆಕ್ಯೂರಿಟಿ ಹುಡುಗ ಅದನ್ನು ಹೊರಗೆ ತೆಗೆಸಿ "ಹೊರಗಿನ ತಿಂಡಿ ಬಿಡಲ್ಲ ಸಾರ್" ಎಂದ. ಮಾವ ಅಲ್ಲೇ ನಿಂತು ಒಂದೊಂದಾಗಿ ಸುಲಿದು, ಅರ್ಧ ತಾವು ತಿಂದು, ಅರ್ಧ ಅವನಿಗೂ ತಿನ್ನಿಸಿ ಒಳಗೆ ಬಂದರು. ಟೈಟಲ್ ಮುಗಿದಿತ್ತು. ಒಳಗೆ ಪಾಪ್‌ಕಾರ್ನ್ ಬೆಲೆ ಕೇಳಿ "ಅರ್ಧ ಕೆ.ಜಿ. ಕಾಳುಮೆಣಸು ಮಾರಿದ್ರೆ ಒಂದು ಡಬ್ಬ ಜೋಳ" ಎಂದು ಲೆಕ್ಕ ಹೇಳಿದರು. ಅವರ ಲೆಕ್ಕ ತಪ್ಪುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ಹೀರೋ ಕ್ಯಾಪ್ಟನ್. ಮೊದಲ ಸೀನಿನಲ್ಲಿ ಭುಜದ ಮೇಲೆ ಮೂರು ನಕ್ಷತ್ರ, ಹಾಡು ಮುಗಿದ ಮೇಲೆ ಎರಡು. "ಹಾಡಿದ್ದಕ್ಕೆ ಡಿಮೋಷನ್ ಕೊಟ್ರಾ?" ಎಂದರು ಮಾವ. ಟೋಪಿ ಇಲ್ಲದೆ ಸೆಲ್ಯೂಟ್ ಹೊಡೆದಾಗ ಸೀಟಿನಿಂದ ಅರ್ಧ ಎದ್ದೇಬಿಟ್ಟರು. ಮಾವ ಇದೆಲ್ಲ ಪಿಸುಮಾತಿನಲ್ಲೇ ಹೇಳುವುದು. ಆದರೆ ಅದು ಪರೇಡ್ ಮೈದಾನದ ಕೊನೆಯ ಸಾಲಿಗೂ ಕೇಳುವ ಪಿಸುಮಾತು.

ಆಮೇಲೆ ಗೋಡೌನ್ ಫೈಟು. ಹೀರೋ ಪಿಸ್ತೂಲು ತೆಗೆದ. ಮಾವ ಕನ್ನಡಕ ಒರೆಸಿಕೊಂಡರು. ನನಗೆ ಗೊತ್ತಾಯಿತು.

"ಒಂದು. ಎರಡು. ಮೂರು, ನಾಲ್ಕು."

"ಮಾವ..."

"ಒಂಬತ್ತು ಎಂ.ಎಂ. ಪಿಸ್ತೂಲು ಅಳಿಯಂದ್ರೆ. ಮ್ಯಾಗಜೀನಿಗೆ ಹದಿಮೂರು. ಏಳು, ಎಂಟು."

ಹದಿಮೂರಕ್ಕೆ ಬಂದಾಗ ಮಾವ ತಡೆದರು. ನ್ಯಾಯವಾಗಿ ಹೀರೋಗೆ ಮ್ಯಾಗಜೀನ್ ಬದಲಿಸಲು ಸಮಯ ಕೊಟ್ಟರು. ಅವನು ಬದಲಿಸಲಿಲ್ಲ. ಢಂ! "ಹದಿನಾಲ್ಕು!" ಎಂದರು ಮಾವ, ಕಳ್ಳನನ್ನು ಹಿಡಿದವರಂತೆ. ಮುಂದಿನ ಸೀಟಿನ ಆರೇಳು ವರ್ಷದ ಹುಡುಗಿಯೊಬ್ಬಳು ಹಿಂದೆ ತಿರುಗಿ ನೋಡಿ, "ಹದಿನೈದು" ಎಂದಳು. ಅಲ್ಲಿಗೆ ನನ್ನ ಮರ್ಯಾದೆ ಮುಗಿಯಿತು. ಇಪ್ಪತ್ತು ದಾಟುವಷ್ಟರಲ್ಲಿ ನಮ್ಮ ಸಾಲು, ಇಪ್ಪತ್ತೈದಕ್ಕೆ ಹಿಂದಿನ ಕಾಲೇಜು ಹುಡುಗರು. ಹೆಂಡತಿ ಫೋನು ಬಂತೆಂದು ನಟಿಸಿ ಎರಡು ಸೀಟು ಆಚೆ ಹೋಗಿ ಕುಳಿತಳು. ಮಾವ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಯಾರೋ ಕತ್ತಲಲ್ಲಿ, "ಅಂಕಲ್, ಮೂವತ್ತೊಂದು, ಬಿಟ್ಟೋಯ್ತು" ಎಂದು ನೆನಪಿಸಿದರು. ಪರದೆಯ ಮೇಲೆ ಹೀರೋಯಿನ್ನಿನ ಅಪ್ಪ ಎದೆಗೆ ಗುಂಡು ತಿಂದು ಏನೋ ಕೊನೆಯ ಮಾತು ಹೇಳುತ್ತಿದ್ದರು, ಪಾಪ, ಯಾರಿಗೂ ಬೇಕಾಗಿರಲಿಲ್ಲ. ನಲವತ್ತೊಂದನೆಯದರ ನಂತರ ಹೀರೋ ಪಿಸ್ತೂಲನ್ನು ನೋಡಿದ, ಖಾಲಿಯಾಯಿತೆಂದು ಬಿಸಾಡಿದ. ಇಡೀ ಥಿಯೇಟರು ಚಪ್ಪಾಳೆ ತಟ್ಟಿತು. ಆ ದಿನ ಬಂದ ಚಪ್ಪಾಳೆ ಅದೊಂದೇ.

ಹುಣಸೂರಿನಲ್ಲಿ ಕಾಫಿಗೆ ನಿಲ್ಲಿಸಿದಾಗ ನಾನು ಕುದಿಯುತ್ತಿದ್ದೆ. ಕಥೆ ಹೀಗೆ, ಹಾಡು ಹಾಗೆ, ಟಿಕೆಟ್ಟು, ಪೆಟ್ರೋಲು ಎಂದು ಒಂದೇ ಸಮನೆ ಬೈದೆ. ಮಾವ ಲೋಟ ಊದುತ್ತಾ, "ಪರ್ವಾಗಿಲ್ಲ ಅಳಿಯಂದ್ರೆ, ಚೆನ್ನಾಗೇ ಇತ್ತಲ್ಲ" ಎಂದರು.

ನನಗೆ ಸಿಟ್ಟು ಬರಬಾರದೇ?

ನಾವು ಹುಡುಗರಾಗಿದ್ದಾಗ ಇಷ್ಟು ದೂರ ಹೋಗುತ್ತಿರಲಿಲ್ಲ. ಊರಿನ ಟಾಕೀಸಿಗೆ ಶೀಟಿನ ಮಾಡು. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಯ ಸದ್ದಿಗೆ ಒಂದು ಡೈಲಾಗೂ ಕೇಳುತ್ತಿರಲಿಲ್ಲ. ಬಾಯಿ ಆಡುವುದು ಕಾಣುತ್ತಿತ್ತು, ಮಾತು ನಾವೇ ಹಾಕಿಕೊಳ್ಳುತ್ತಿದ್ದೆವು. ಒದ್ದೆ ಕಂಬಳಿಯ ವಾಸನೆ, ಕಾಲ ಬುಡದಲ್ಲಿ ಕೊಡೆಗಳಿಂದ ಹರಿದ ನೀರು. ಇಂಟರ್‌ವಲ್‌ನಲ್ಲಿ ಬಾಗಿಲು ತೆರೆದರೆ ಮಂಜು ಟಿಕೆಟ್ಟಿಲ್ಲದೆ ಒಳಗೆ ಬರುತ್ತಿತ್ತು. ಮತ್ತೆ ಸಿನಿಮಾ ಶುರುವಾದಾಗ ಪ್ರೊಜೆಕ್ಟರಿನ ಬೆಳಕಿನಲ್ಲಿ ಅದು ನಿಧಾನ ಹೊರಳುವುದನ್ನೇ ನೋಡುತ್ತಾ ಕುಳಿತುಬಿಡುತ್ತಿದ್ದೆ, ಪರದೆಯ ಕಡೆ ಗಮನವೇ ಇರುತ್ತಿರಲಿಲ್ಲ. ಮಳೆಗಾಲದಲ್ಲಿ ನೋಡಿದ ಯಾವ ಸಿನಿಮಾವೂ ಕೆಟ್ಟದಾಗಿದ್ದ ನೆನಪಿಲ್ಲ. ಅಕ್ಟೋಬರಿನಲ್ಲಿ ನೋಡಿದವು ಮಾತ್ರ ಕೆಲವು ಬಹಳ ಕೆಟ್ಟದಾಗಿದ್ದವು.

ಮಂಗಳವಾರ ರಾತ್ರಿ ಮಗಳು ಟೀವಿಯಲ್ಲಿ 'ತಿಥಿ' ಹಾಕಿದಳು. ರಾಮ್ ರೆಡ್ಡಿ ನಿರ್ದೇಶಿಸಿದ್ದು, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದದ್ದು. ಪ್ರಶಸ್ತಿ ಎಂದ ಕೂಡಲೇ ನಾನು ಹೊದಿಕೆ ಎಳೆದುಕೊಂಡೆ. ಪ್ರಶಸ್ತಿ ಸಿನಿಮಾ ಎಂದರೆ ಒಬ್ಬ ಹತ್ತು ನಿಮಿಷ ಬಾವಿ ನೋಡುವುದು ಎಂಬುದು ನನ್ನ ಅಭಿಪ್ರಾಯ. ಇದು ಹಾಗಿರಲಿಲ್ಲ. ಮಂಡ್ಯದ ಹಳ್ಳಿ, ನಟಿಸಿದವರು ಆ ಕಡೆಯ ಊರಿನವರೇ. 101 ವರ್ಷದ ಸೆಂಚುರಿ ಗೌಡ, ಹೋಗಿ ಬರುವವರನ್ನೆಲ್ಲ ಬೈದು ಬೈದು, ಹಾಗೇ ಸತ್ತುಹೋಗುತ್ತಾನೆ. 11ನೇ ದಿನದ ತಿಥಿಗೆ ಮೂರು ತಲೆಮಾರು ತಮ್ಮ ತಮ್ಮ ಲೆಕ್ಕದಲ್ಲಿ ಓಡಾಡುತ್ತದೆ. ಮಗ ಗಡ್ಡಪ್ಪನಿಗೆ ಮಾತ್ರ ಅಪ್ಪ ಸತ್ತದ್ದೂ ಬೇಕಿಲ್ಲ, ಜಮೀನೂ ಬೇಕಿಲ್ಲ, ಸುಮ್ಮನೆ ನಡೆಯುತ್ತಿರುತ್ತಾನೆ. ನಾನು ಯಾವಾಗ ಎದ್ದು ಕುಳಿತೆನೋ ಗೊತ್ತಿಲ್ಲ.

ಮಾವನ ಕಡೆ ನೋಡಿದೆ. ಮಾತಿಲ್ಲ. ಒಂದು ಕೋವಿ ಇಲ್ಲ, ಒಂದು ಸೆಲ್ಯೂಟ್ ಇಲ್ಲ, ಹಿಡಿಯಲು ತಪ್ಪೇ ಸಿಗದೆ ಒದ್ದಾಡುತ್ತಿದ್ದಾರೆ ಎಂದು ಒಳಗೊಳಗೇ ಖುಷಿಪಟ್ಟೆ. ಗಡ್ಡಪ್ಪ ಹೊಲದ ಬದುವಿನಲ್ಲಿ ನಡೆಯುವಾಗ ಮಾತ್ರ, "ಪಲ್ಟನ್ನಲ್ಲಿ ಒಬ್ಬ ಇದ್ನಲ್ಲ, ನಮ್ಮ ಅಡುಗೆ ಲಂಗರಿನಲ್ಲಿ. ಥೇಟ್ ಹೀಗೇ" ಎಂದರು. ಯಾರು ಎಂದು ಕೇಳಿದೆ. ಉತ್ತರ ಬರಲಿಲ್ಲ. ಕೈಯಲ್ಲಿದ್ದ ಹಲಸಿನ ಬೀಜ ಸುಲಿಯದೆ ಹಾಗೇ ಇತ್ತು.

ತಿಥಿ ಊಟಕ್ಕೆ ಕುರಿ ಕದಿಯುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಎಲ್ಲೋ ಲೈನಿನ ಮೇಲೆ ಮರ ಬಿದ್ದಿತ್ತು.

ಬುಧವಾರವೂ ಬರಲಿಲ್ಲ. ಮುಂದೆ ಏನಾಗುತ್ತದೆ ಎಂದು ಮಗಳು ಹೇಳಲು ಹೋದರೆ ಮಾವ ಕೈ ಎತ್ತಿ ತಡೆದರು. ಇವತ್ತು ಗುರುವಾರ. ಬೆಳಿಗ್ಗೆಯಿಂದ ಸ್ವೆಟರ್ ಹಾಕಿಕೊಂಡು ಆರಿದ ಟೀವಿಯ ಎದುರು ಕುಳಿತಿದ್ದಾರೆ. ಈಗಷ್ಟೇ ನನ್ನನ್ನು ಕರೆದು ಕೇಳಿದರು:

"ಅಳಿಯಂದ್ರೆ, ಆ ಮಂದೆಯಲ್ಲಿ ಕುರಿ ಎಷ್ಟಿತ್ತು, ನೀವೇನಾದ್ರೂ ಎಣಿಸಿದ್ರಾ?"