ಪಿಯುಸಿ ಮಕ್ಕಳಿಗೆ ವೈದ್ಯಕೀಯ ನೀತಿಯ ಪಾಠ ಬೇಕೇ?

ಪರ: ಫಾರಂ ಓದುವುದು ಆ ಮಕ್ಕಳೇ
(ಹಾಸನದಲ್ಲಿ ಪಿಯುಸಿಗೆ ಬಯಾಲಜಿ ಹೇಳಿಕೊಡುವ ಮೇಷ್ಟ್ರು)

ನನ್ನ ಕ್ಲಾಸಿನ ಹುಡುಗಿಯೊಬ್ಬಳು ಎರಡು ದಿನ ಬರಲಿಲ್ಲ. ಮೂರನೇ ದಿನ ಕೇಳಿದರೆ, "ತಾತನಿಗೆ ಆಪರೇಷನ್ ಇತ್ತು ಸರ್, ಫಾರಂ ಓದೋಕೆ ನಾನು ಇರಬೇಕಿತ್ತು" ಅಂದಳು. ಹೊಳೆನರಸೀಪುರದ ಕಡೆಯ ರೈತರ ಮನೆ. ಆಸ್ಪತ್ರೆಯವರು ಕೊಟ್ಟ ಒಪ್ಪಿಗೆ ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು, ಮನೆಯಲ್ಲಿ ಇಂಗ್ಲಿಷ್ ಓದಲು ಬರುವುದು ಇವಳೊಬ್ಬಳಿಗೆ, ಕೌಂಟರಿನ ಮುಂದೆ ನಿಂತು ಇವಳು ಓದಿ ಹೇಳಿದಳು, ಅಪ್ಪ ಸಹಿ ಹಾಕಿದರು. ಅಗತ್ಯ ಬಿದ್ದರೆ ಬೇರೆ ಆಪರೇಷನ್ನಿಗೂ ಒಪ್ಪಿಗೆ ಇದೆ ಅಂತ ಅದರಲ್ಲಿ ಒಂದು ಸಾಲಿತ್ತಂತೆ. ಹಾಗಂದ್ರೆ ಏನು ಅಂತ ಕೇಳಲಿಲ್ವಾ ಅಂದೆ. "ಕೇಳಬಹುದು ಅಂತಲೇ ಗೊತ್ತಿರಲಿಲ್ಲ ಸರ್."

ಮೂತ್ರಪಿಂಡದ ಚಿತ್ರವನ್ನು ಕಣ್ಣು ಮುಚ್ಚಿ ಬರೆಯುವ ಹುಡುಗಿ ಅವಳು. ಕೇಳಬಹುದು ಅನ್ನೋದನ್ನು ನಾನು ಹೇಳಿಕೊಟ್ಟಿರಲಿಲ್ಲ. ಪರೀಕ್ಷೆ ಮಾಡಲು ಕೊಟ್ಟ ಒಪ್ಪಿಗೆಯನ್ನು ಆಪರೇಷನ್ನಿಗೂ ಕೊಟ್ಟ ಒಪ್ಪಿಗೆ ಅಂತ ತಿಳಿಯಬಾರದು, ಜೀವಕ್ಕೆ ತಕ್ಷಣದ ಅಪಾಯ ಇದ್ದರೆ ಮಾತ್ರ ಬೇರೆ ಮಾತು ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಅದನ್ನು ತಿಳಿಸಲು ಹತ್ತು ನಿಮಿಷ ಸಾಕು.

ಆಮೇಲೆ ಒಂದು ಪೀರಿಯಡ್ ಇದಕ್ಕೇ ಇಟ್ಟೆ. ಮೊದಲು ಅಮೆರಿಕದ ಟಸ್ಕೀಗಿಯ ಕಥೆ ಹೇಳಿದೆ. 1932ರಿಂದ 1972ರವರೆಗೆ ಸುಮಾರು 400 ಬಡ ಕಪ್ಪು ಗಂಡಸರಿಗೆ ಸಿಫಿಲಿಸ್ ಅನ್ನುವ ಲೈಂಗಿಕ ರೋಗ ಇದೆ ಅಂತ ಗೊತ್ತಿದ್ದೂ ಸರ್ಕಾರಿ ವೈದ್ಯರು ಅವರಿಗೆ ನಿಜ ಹೇಳದೆ, ರೋಗ ಹೇಗೆ ಬೆಳೆಯುತ್ತದೆ ಅಂತ ನೋಡುತ್ತಾ ಕೂತರು. ಅದನ್ನು ಗುಣಪಡಿಸುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಮನುಷ್ಯರ ಮೇಲೆ ಪ್ರಯೋಗ ಮಾಡಲು ಅವರ ಒಪ್ಪಿಗೆ ಬೇಕೇ ಬೇಕು ಅಂತ 1947ರಲ್ಲಿ ನ್ಯೂರೆಂಬರ್ಗ್‌ನಲ್ಲಿ, ನಾಜಿ ವೈದ್ಯರ ವಿಚಾರಣೆಯ ತೀರ್ಪಿನಲ್ಲಿ ಬರೆದಿಟ್ಟಿದ್ದರು. ಅದಾದ ಮೇಲೂ 25 ವರ್ಷ ಟಸ್ಕೀಗಿಯಲ್ಲಿ ಇದು ನಡೆಯಿತು. ಮಕ್ಕಳು ಸಿಟ್ಟಾದರು. ದೂರದವರ ಮೇಲೆ ಸಿಟ್ಟಾಗುವುದು ಸುಲಭ ಅಲ್ವಾ, ಅದಕ್ಕೇ ಮನೆಯ ಪ್ರಶ್ನೆ ಹಾಕಿದೆ: ಅಜ್ಜಿಗೆ ಕ್ಯಾನ್ಸರ್ ಅಂತ ಗೊತ್ತಾದರೆ ಅಜ್ಜಿಗೆ ಹೇಳ್ತೀರಾ?

ಗಲಾಟೆ ನಿಂತಿತು. ಹೇಳಲ್ಲ, ಧೈರ್ಯ ಕಳೆದುಕೊಳ್ತಾರೆ ಅಂದವರೇ ಜಾಸ್ತಿ. ಆಗ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ನಮ್ಮಜ್ಜಿಗೆ ಎಲ್ಲಾ ಗೊತ್ತಿತ್ತು ಸರ್. ನಾವು ಹೇಳಲಿಲ್ಲ ಅಂತ ಅವರೂ ಗೊತ್ತಿಲ್ಲದ ಹಾಗೇ ಇದ್ದರು. ಕೊನೆಗೆ ಯಾರೂ ಏನೂ ಮಾತಾಡಲೇ ಇಲ್ಲ."

ಎಂಬಿಬಿಎಸ್‌ನಲ್ಲಿ 2019ರಿಂದ ನೀತಿ ಮತ್ತು ರೋಗಿಯ ಜೊತೆ ಮಾತಾಡುವ ರೀತಿ ಪಠ್ಯದಲ್ಲೇ ಇದೆ, ಈಗಲೇ ಯಾಕೆ ಅಂತ ಕೇಳುತ್ತಾರೆ. ನನ್ನ ಕ್ಲಾಸಿನಲ್ಲಿ ಡಾಕ್ಟರ್ ಆಗುವವರು ಒಬ್ಬಿಬ್ಬರು. ಉಳಿದವರು ಕೌಂಟರಿನ ಈಚೆ ಕಡೆ ನಿಲ್ಲುವವರು. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಎನ್.ಆರ್.ಪುರದ ಕಡೆ ಮಂಗನ ಕಾಯಿಲೆ ಇನ್ನೂ ಹೋಗಿಲ್ಲ. ಹಳೆ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ನಿಲ್ಲಿಸಿದ್ದಾರೆ. ನಾಳೆ ಹೊಸ ಲಸಿಕೆಯನ್ನು ಪರೀಕ್ಷೆ ಮಾಡುವಾಗ ಒಪ್ತೀರಾ ಅಂತ ಕೇಳಬೇಕಾಗಿರುವುದು ಕಾಡಂಚಿನ ಈ ಮನೆಗಳನ್ನೇ. ಆ ಮನೆಯಲ್ಲೂ ಕಾಗದ ಓದುವುದು ಕಾಲೇಜಿಗೆ ಹೋಗುವ ಮಗುವೇ. ವಾರಕ್ಕೊಂದು ಪೀರಿಯಡ್ ಕೊಡಿ, ಪರೀಕ್ಷೆ ಬೇಡ. ನಾನು ಕೇಳುತ್ತಿರುವುದು ಇಷ್ಟೇ.

ವಿರೋಧ: ಬೆಲ್ ಹೊಡೆದ ಮೇಲೆ
(ಚಿಕ್ಕಮಗಳೂರಿನಲ್ಲಿ 28 ವರ್ಷ ನರ್ಸ್ ಆಗಿದ್ದವರು)

ಮೇಷ್ಟ್ರು ಬರೆದದ್ದನ್ನು ಎರಡು ಸಲ ಓದಿದೆ. ಅವರ ಕಾಳಜಿ ನಿಜವಾದದ್ದು. ಆದರೆ ನನಗೆ ಹಿಂದಿನ ಬೆಂಚಿನ ಆ ಹುಡುಗನದೇ ಯೋಚನೆ. ಅವನು ಅಷ್ಟು ಹೇಳಿ ಕೂತ ಮೇಲೆ ಏನಾಯಿತು? ಬೆಲ್ ಹೊಡೆದಿರುತ್ತದೆ, ಫಿಸಿಕ್ಸ್‌ನವರು ಬಂದಿರುತ್ತಾರೆ. ಅಜ್ಜಿಯನ್ನು ಒಂಟಿಯಾಗಿ ಕಳಿಸಿಬಿಟ್ಟೆವಲ್ಲ ಅನ್ನುವ ಸಂಕಟ ಅವನಿಗೆ ಆವತ್ತು ಶುರುವಾಗಿದ್ದರೆ, 17 ವರ್ಷದ ಹುಡುಗ ಅದನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು? ವಾರ್ಡಿನಲ್ಲಿ ಇಂಥ ಮಾತು ಬಂದರೆ ನಾವು ಪಕ್ಕದಲ್ಲಿ ಕೂರುತ್ತೇವೆ, ನೀರು ಕೊಡುತ್ತೇವೆ, ರಾತ್ರಿ ಡ್ಯೂಟಿಗೆ ಬರುವ ಸಿಸ್ಟರ್‌ಗೆ ಹೇಳಿ ಹೋಗುತ್ತೇವೆ. ಕ್ಲಾಸಿನಲ್ಲಿ ಅದಕ್ಕೆಲ್ಲ ಯಾರಿದ್ದಾರೆ?

ಇನ್ನೊಂದು ಮಾತು. ರೋಗಿಯ ಇಷ್ಟವೇ ಮೊದಲು ಅಂತ ಬೋರ್ಡಿನ ಮೇಲೆ ಬರೆಯಬಹುದು. ನಾನು ಕಂಡದ್ದು ಹೇಳುತ್ತೇನೆ. ಕಾಫಿ ತೋಟದ ಲೈನ್ ಮನೆಯವನೊಬ್ಬ, ಕಾಲಿಗೆ ಜೋರು ಪೆಟ್ಟು ಬಿದ್ದು ಬಂದಿದ್ದ. ಕಾಲು ತೆಗೆಯಬೇಕೋ, ದೊಡ್ಡ ಆಸ್ಪತ್ರೆಗೆ ಕಳಿಸಿ ಉಳಿಸಲು ನೋಡಬೇಕೋ ಅನ್ನುವ ಪ್ರಶ್ನೆ. ಡಾಕ್ಟರ್ ಅವನನ್ನೇ ಕೇಳಿದರು, ನಿಯಮದ ಪ್ರಕಾರವೇ ಕೇಳಿದರು. "ಸಾಹುಕಾರ್ರು ಹೇಳಿದ ಹಾಗೆ" ಅಂದ. ಸಾಹುಕಾರರು ಬಂದಿರಲಿಲ್ಲ, ತೋಟದ ಲೆಕ್ಕ ಬರೆಯುವ ರೈಟರ್ ಪಕ್ಕದಲ್ಲೇ ನಿಂತಿದ್ದ, ಖರ್ಚು ಅವರದೇ. ನಮ್ಮ ಹಿರಿಯ ಸಿಸ್ಟರ್ ಏನೂ ಮಾತಾಡಲಿಲ್ಲ. ರೈಟರ್ ಕಾಫಿ ಕುಡಿಯಲು ಹೊರಗೆ ಹೋಗುವವರೆಗೆ ಕಾದು, ಮಂಚದ ಅಂಚಿಗೆ ಕೂತು ಇನ್ನೊಂದು ಸಲ ಕೇಳಿದರು. ಆಗ ಅವನು ಅತ್ತ. ಕಾಲು ಬೇಕು ಅಕ್ಕಾ, ಸಾಲಕ್ಕೆ ಹೆದರಿಕೆ ಅಂದ. ಅವತ್ತೇ ಅವನನ್ನು ಕಳಿಸಿಕೊಟ್ಟೆವು. ಯಾವಾಗ ಕೇಳಬೇಕು, ಯಾರು ಇಲ್ಲದಾಗ ಕೇಳಬೇಕು ಅನ್ನುವುದನ್ನು ನಾನು ಆ ಸಿಸ್ಟರ್‌ನ ನೋಡಿ ಕಲಿತೆ. ಪುಸ್ತಕದಿಂದ ಕಲಿಯಲು ಆಗುತ್ತಿರಲಿಲ್ಲ.

ಕಾನೂನು ಗೊತ್ತಿರಬೇಕು, ನಿಜ. ಗುಣವಾಗುವ ಭರವಸೆಯೇ ಇಲ್ಲದಾಗ ಯಂತ್ರಗಳ ಸಹಾಯ ಬೇಡ ಅಂತ ಮುಂಚೆಯೇ ಬರೆದಿಡಬಹುದು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಅದಕ್ಕೆ ಸುತ್ತೋಲೆಯನ್ನೂ ಹೊರಡಿಸಿತು. ಆದರೆ ಅಪ್ಪನ ವೆಂಟಿಲೇಟರ್ ತೆಗೆಯಿರಿ ಅಂತ ಮಕ್ಕಳು ಬಂದು ಹೇಳುವಾಗ, ಅಪ್ಪನ ನರಳಾಟ ನೋಡಲಾಗದೆ ಹೇಳುತ್ತಿದ್ದಾರೋ ದಿನದ ಬಿಲ್ಲು ನೋಡಲಾಗದೆ ಹೇಳುತ್ತಿದ್ದಾರೋ ಅನ್ನುವುದು ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ. ಇದನ್ನು ಪಿಯುಸಿ ಮಕ್ಕಳ ಮುಂದಿಟ್ಟು ಪರ ಯಾರು, ವಿರೋಧ ಯಾರು ಅಂತ ಕೈ ಎತ್ತಿಸಿದರೆ ಚರ್ಚಾ ಸ್ಪರ್ಧೆ ಆಗುತ್ತದೆ. ಚೆನ್ನಾಗಿ ಮಾತಾಡಿದವನು ಗೆದ್ದ ಅಂತ ಆಗುತ್ತದೆ.

ಪರೀಕ್ಷೆ ಬೇಡ ಅಂತೀರಿ ಮೇಷ್ಟ್ರೇ. ಎರಡು ವರ್ಷದಲ್ಲಿ 10 ಅಂಕ ಸೇರುತ್ತದೆ, ಗೈಡ್ ಬರುತ್ತದೆ, ನೀಟ್‌ಗೆ ಓದುವ ಮಗು ರಾತ್ರಿ ಕೂತು ಅದನ್ನೂ ಬಾಯಿಪಾಠ ಮಾಡುತ್ತದೆ. ಟಸ್ಕೀಗಿಯ ಕಥೆ ಹೇಳಿ, ಖಂಡಿತ ಹೇಳಿ. ಅಜ್ಜಿಯ ಪ್ರಶ್ನೆಯನ್ನು ಮನೆಯವರಿಗೆ ಬಿಡಿ.

ಆ ಹುಡುಗಿಯ ವಿಷಯದಲ್ಲಿ ನನಗೆ ಸಿಟ್ಟು ಬಂದದ್ದು ಆ ಫಾರಂ ಮೇಲೆ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಸಹಿ ಹಾಕಿಸುವ ಮುಂಚೆ ಆಸ್ಪತ್ರೆಯವರೇ ಕೂತು ಓದಿ ಹೇಳಲಿ. ಅದು ನಮ್ಮ ಕೆಲಸ, 17 ವರ್ಷದ ಮಗುವಿನದಲ್ಲ. ಆಗ ಅವಳು ಕೌಂಟರಿನ ಮುಂದೆ ನಿಲ್ಲುವ ಬದಲು ತಾತನ ಹತ್ತಿರ ಕೂತಿರಬಹುದು.