ಬ್ರಿಕ್ಸ್‌ಟನ್ ಜೈಲಿನ ಮಾನ್ಯ ಸದಸ್ಯರು

ನಮ್ಮ ಸಂಸದರು ಎಲ್ಲಿದ್ದಾರೋ ಗೊತ್ತೇ ಆಗಲ್ಲ ಅಂತ ಜನ ಗೊಣಗುವುದು ಎಲ್ಲ ದೇಶದಲ್ಲೂ ಇದೆ. ಸ್ಕಾಟ್ಲೆಂಡಿನ ಪೀಬಲ್ಸ್ ಕಡೆಯ ಮತದಾರರಿಗೆ ಮಾತ್ರ ಎರಡನೇ ಮಹಾಯುದ್ಧದ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ಅವರ ಸಂಸದ ಕ್ಯಾಪ್ಟನ್ ಆರ್ಚಿಬಾಲ್ಡ್ ರಾಮ್ಸೆ 1940ರ ಮೇ 23ರಿಂದ 1944ರ ಸೆಪ್ಟೆಂಬರ್ 26ರವರೆಗೆ ಎಲ್ಲಿದ್ದರು ಅಂತ ಇಡೀ ದೇಶಕ್ಕೇ ಗೊತ್ತಿತ್ತು. ಲಂಡನ್ನಿನ ಬ್ರಿಕ್ಸ್‌ಟನ್ ಜೈಲಿನಲ್ಲಿ.

ಸಾಹೇಬರು ಸಾಮಾನ್ಯರಲ್ಲ. ಸಿರಿವಂತರ ಮಕ್ಕಳ ಶಾಲೆ ಈಟನ್‌ನಲ್ಲಿ ಓದಿದವರು, ಮೊದಲ ಮಹಾಯುದ್ಧದಲ್ಲಿ ಗಾಯಗೊಂಡವರು, 1931ರಲ್ಲಿ ಗೆದ್ದು ಬಂದವರು. ಆದರೆ ಅವರ ಕಣ್ಣಿಗೆ ಹಿಟ್ಲರ್ ಅಷ್ಟೇನೂ ಕೆಟ್ಟವನಲ್ಲ, ಲೋಕದ ಕಷ್ಟಕ್ಕೆಲ್ಲ ಯಹೂದಿಗಳೇ ಕಾರಣ. 1939ರಲ್ಲಿ ರೈಟ್ ಕ್ಲಬ್ ಅಂತ ಒಂದು ಗುಟ್ಟಿನ ಕೂಟ ಕಟ್ಟಿದರು. ಗುಟ್ಟು ಅಂದಮೇಲೆ ಹೆಸರು ಬರೆದಿಡಬಾರದು ಅಲ್ವಾ? ಇವರು ಬೀಗ ಹಾಕುವ ಕೆಂಪು ಪುಸ್ತಕದಲ್ಲಿ ಸದಸ್ಯರ ಪಟ್ಟಿಯನ್ನೇ ಬರೆದರು, ಆಮೇಲೆ ಪೊಲೀಸರು ಮುಟ್ಟಲಾರರು ಅಂತ ಅದನ್ನು ಅಮೆರಿಕ ರಾಯಭಾರ ಕಚೇರಿಯ ಗುಮಾಸ್ತ ಟೈಲರ್ ಕೆಂಟ್ ಕೈಗೆ ಕೊಟ್ಟರು. ಆದರೆ ರಾಯಭಾರ ಕಚೇರಿ ಅವನಿಗಿದ್ದ ರಾಜತಾಂತ್ರಿಕ ರಕ್ಷಣೆಯನ್ನು ಹಿಂದಕ್ಕೆ ಪಡೆಯಿತು. ಪೊಲೀಸರು ಅವನ ಮನೆಗೆ ನುಗ್ಗಿದಾಗ ಚರ್ಚಿಲ್ ಮತ್ತು ರೂಸ್‌ವೆಲ್ಟ್ ನಡುವಿನ ತಂತಿ ಸಂದೇಶಗಳ ನಕಲಿನ ಜೊತೆಗೆ ಕೆಂಪು ಪುಸ್ತಕವೂ ಸಿಕ್ಕಿತು. ಮೂರೇ ದಿನ, ಸಾಹೇಬರು ಒಳಗೆ.

ನಿಜವಾದ ತಮಾಷೆ ಶುರುವಾಗುವುದು ಇಲ್ಲಿಂದ. 18ಬಿ ಅನ್ನುವ ಯುದ್ಧಕಾಲದ ನಿಯಮದಡಿ ಹಿಡಿದದ್ದರಿಂದ ಆರೋಪ ಇಲ್ಲ, ವಿಚಾರಣೆ ಇಲ್ಲ, ಶಿಕ್ಷೆಯೂ ಇಲ್ಲ. ದೇಶದ್ರೋಹ ಅಂತ ಕೋರ್ಟಿನಲ್ಲಿ ಸಾಬೀತಾಗಿದ್ದರೆ ಸದಸ್ಯತ್ವ ಹೋಗುತ್ತಿತ್ತು, ಬರೀ ಅನುಮಾನವಾದ್ದರಿಂದ ಉಳಿಯಿತು. ಸಂಸತ್ತಿನ ಹಕ್ಕುಬಾಧ್ಯತಾ ಸಮಿತಿಯೂ ಕೂತು ನೋಡಿ, ಸದಸ್ಯರನ್ನು ಹೀಗೆ ಕೂಡಿ ಹಾಕಿದ್ದರಿಂದ ಸದನದ ಹಕ್ಕಿಗೇನೂ ಧಕ್ಕೆಯಾಗಿಲ್ಲ ಅಂದಿತು. ಅಂದರೆ ಹೊರಗೆ ಬಿಟ್ಟರೆ ದೇಶಕ್ಕೆ ಅಪಾಯ, ಆದರೆ ದೇಶದ ಕಾನೂನು ಮಾಡಲು ಅಡ್ಡಿ ಇಲ್ಲ! ಅವರು ಜೈಲಿನಿಂದಲೇ ಸಚಿವರಿಗೆ ಲಿಖಿತ ಪ್ರಶ್ನೆಗಳನ್ನು ಕಳಿಸುತ್ತಲೇ ಇದ್ದರು. ಮೇಲೆ ಬಾಂಬು ಬೀಳುತ್ತಿರುವಾಗ, ಅವರನ್ನು ಬೀಗ ಹಾಕಿ ಕೂರಿಸಿದ ಸರ್ಕಾರದ ಗುಮಾಸ್ತರು ಮಾನ್ಯ ಸದಸ್ಯರ ಪ್ರಶ್ನೆಗೆ ಉತ್ತರ ಬರೆಯುತ್ತಾ ಕೂರಬೇಕು. ಇಷ್ಟೊಂದು ಮರ್ಯಾದೆ ನಾನಂತೂ ಬೇರೆಲ್ಲೂ ಕಂಡಿಲ್ಲ.

ನಡುವೆ ನ್ಯೂಯಾರ್ಕ್ ಟೈಮ್ಸ್ ಮೇಲೆ ಮಾನನಷ್ಟದ ಕೇಸನ್ನೂ ಹಾಕಿದರು. ಗೆದ್ದರು ಕೂಡ. ಸಿಕ್ಕ ಪರಿಹಾರ ಒಂದು ಫಾರ್ದಿಂಗ್, ಕಾಲು ಪೆನ್ನಿ. ಮಾನ ನಷ್ಟವಾದದ್ದು ಹೌದು, ಬೆಲೆ ಮಾತ್ರ ಇಷ್ಟೇ ಅಂತ ಕೋರ್ಟು ಲೆಕ್ಕ ಹಾಕಿಬಿಟ್ಟಿತು.

ಬಿಡುಗಡೆಯಾದ ಮೇಲೆ ಏನೂ ಆಗದವರಂತೆ ಸೀದಾ ಸದನಕ್ಕೆ ಬಂದು ಕೂತರು. ನಾಲ್ಕು ವರ್ಷದಲ್ಲಿ ಕಲಿತದ್ದೇನು? ಬ್ರಿಟಿಷ್ ಸೈನಿಕರು ನಾಜಿಗಳ ಬೆಲ್ಸನ್ ಶಿಬಿರದಲ್ಲಿ ಹೆಣಗಳ ರಾಶಿ ಕಂಡದ್ದು 1945ರ ಏಪ್ರಿಲ್‌ನಲ್ಲಿ. ಅದೇ ವರ್ಷದ ಜೂನ್‌ನಲ್ಲಿ ಸಾಹೇಬರು ಒಂದು ಗೊತ್ತುವಳಿ ಮಂಡಿಸಿದರು. ಯಹೂದಿಗಳು ಹಳದಿ ಪಟ್ಟಿ ಹಾಕಿಕೊಳ್ಳಬೇಕು ಅಂತ ಒಂದನೇ ಎಡ್ವರ್ಡ್ ರಾಜ 1275ರಲ್ಲಿ ತಂದ ಕಾನೂನನ್ನು ಮತ್ತೆ ಜಾರಿ ಮಾಡಬೇಕಂತೆ.

ಮುಂದಿನ ಚುನಾವಣೆಗೆ ಅವರು ನಿಲ್ಲಲೇ ಇಲ್ಲ. ಪಾಪ, ಅವರನ್ನು ಸೋಲಿಸುವ ಸುಖವೂ ಪೀಬಲ್ಸ್ ಜನಕ್ಕೆ ಸಿಗಲಿಲ್ಲ.