ಕಡಿಯದಿದ್ದಕ್ಕೆ ಕಾಸು

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಪಶ್ಚಿಮಕ್ಕೆ ಹೋದರೆ ಕೋಬಾರ್, ಬರ್ಕ್ ಅಂತ ಊರುಗಳು ಸಿಗುತ್ತವೆ. ಕೆಂಪು ಮಣ್ಣು, ಅಪರೂಪದ ಮಳೆ, ಕುರಿ, ಬಿಡಾಡಿ ಆಡುಗಳು, ಕಣ್ಣು ಹಾಯುವವರೆಗೆ ಮುಲ್ಗಾ ಪೊದೆ. ಇಲ್ಲಿ ಕೆಲವು ವರ್ಷ ಕಾಸು ತಂದ ಕಸುಬು ಕುರಿ ಸಾಕುವುದೊಂದೇ ಅಲ್ಲ, ಮರ ಕಡಿಯದೆ ಸುಮ್ನೆ ಕೂರುವುದೂ.

ಸುಮ್ನೆ ಕೂರಲಿಕ್ಕೂ ಅರ್ಹತೆ ಬೇಕು, ಅಲ್ವಾ? ಜಮೀನಿನ ಮರ ಕಡಿಯಲು 2010ರ ಜುಲೈ 1ಕ್ಕೂ ಮುಂಚೆ ಪರ್ಮಿಟ್ ತಗೊಂಡಿರಬೇಕಿತ್ತು. ಆಮೇಲೆ ಕಡಿಯುವುದಿಲ್ಲ ಅಂತ ಒಪ್ಪಿಕೊಳ್ಳಬೇಕಿತ್ತು. ಗಾಳಿಗೆ ಸೇರದೆ ಉಳಿಯಿತು ಎನ್ನಲಾದ ಕಾರ್ಬನ್ ಡೈಆಕ್ಸೈಡ್‌ಗೆ ಟನ್ನಿಗೊಂದು ಕ್ರೆಡಿಟ್, ಅಂದರೆ ಸರ್ಕಾರ ಕೊಡುವ, ಮಾರಿ ಕಾಸು ಮಾಡಿಕೊಳ್ಳಬಹುದಾದ ಚೀಟಿ. ಪರ್ಮಿಟ್ಟೇ ಕೇಳದೆ ತಲೆಮಾರುಗಳಿಂದ ಮರ ಉಳಿಸಿಕೊಂಡು ಬಂದವನಿಗೆ? ಬರೀ ನಮಸ್ಕಾರ. ಕಡಿಯುವ ಆಸೆಯನ್ನು ಸಕಾಲದಲ್ಲಿ ಸರ್ಕಾರಕ್ಕೆ ತಿಳಿಸದಿದ್ದದ್ದು ಅವನದೇ ತಪ್ಪು.

ಪರ್ಮಿಟ್ ಇದ್ದವರೆಲ್ಲ ನಿಜಕ್ಕೂ ಕಡಿಯುತ್ತಿದ್ದರಾ? ಬುಲ್ಡೋಜರ್, ಡೀಸೆಲ್ ಖರ್ಚು ನೋಡಿದರೆ ಅನುಮಾನ. ಆದರೆ ಕೊಡಲಿ ಮಸೆದುಕೊಂಡೇ ನಿಂತಿದ್ದರು ಅನ್ನುವುದು ಲೆಕ್ಕದ ಬುನಾದಿ. ಹಾಗಾದರೆ ನನ್ನ ಹತ್ತಿರವೂ ಡ್ರೈವಿಂಗ್ ಲೈಸೆನ್ಸ್ ಇದೆ. ಇವತ್ತಿನವರೆಗೆ ಯಾರ ಮೇಲೂ ಗಾಡಿ ಹತ್ತಿಸಿಲ್ಲ. ನನ್ನ ಬಾಕಿ ಯಾವಾಗ ಕೊಡುತ್ತೀರಿ?

2023ರವರೆಗೆ ಹೊಸಬರಿಗೂ ತೆರೆದಿದ್ದ ಇನ್ನೊಂದು ವಿಧಾನ ಇದಕ್ಕಿಂತ ಸೊಗಸು. ಮೇಯಿಸುವುದು ಕಡಿಮೆ ಮಾಡಿ, ಬಿಡಾಡಿ ಆಡು ಹಿಡಿಯಿರಿ, ಕಾಡು ತಾನೇ ಎದ್ದು ಬರುತ್ತದೆ. ಕಾಡು ಅಂದರೆ ಭಯಪಡಬೇಡಿ. 2 ಮೀಟರ್ ಎತ್ತರಕ್ಕೆ ಬೆಳೆಯಬಲ್ಲ ಮರ, ನೆಲದ ಐದನೇ ಒಂದು ಭಾಗಕ್ಕೆ ನೆರಳು, ಅಷ್ಟೇ. ಅಲ್ಲಿ ಮಳೆ ಬಂದ ವರ್ಷ ಗಿಡ ಹಬ್ಬುತ್ತದೆ, ಬರದ ವರ್ಷ ಒಣಗುತ್ತದೆ. ದುಡಿಯುವವನು ಮಳೆರಾಯ, ಸಂಬಳ ಆಡು ಹಿಡಿದವನಿಗೆ. ಇಂಥ 182 ಯೋಜನೆಗಳನ್ನು ಸಂಶೋಧಕರು ಪರಿಶೀಲಿಸಿ 2024ರಲ್ಲಿ ವರದಿ ಪ್ರಕಟಿಸಿದರು. ಸುಮಾರು ಶೇ. 80ರಷ್ಟರಲ್ಲಿ ಮರಗಿಡ ಹೆಚ್ಚಿದ್ದು ಲೆಕ್ಕಕ್ಕೇ ಇಲ್ಲ, ಕೆಲವು ಕಡೆ ಇದ್ದದ್ದೂ ಕಡಿಮೆಯಾಗಿದೆ. ಕ್ರೆಡಿಟ್ ಮಾತ್ರ ಚೆನ್ನಾಗಿ ಬೆಳೆದಿತ್ತು.

ಸಂಶೋಧಕರಲ್ಲಿ ಒಬ್ಬರು ಆಂಡ್ರ್ಯೂ ಮ್ಯಾಕಿಂತಾಷ್. ಈ ವಿಧಾನಗಳನ್ನು ಪರಿಶೀಲಿಸುವ ಸರ್ಕಾರಿ ಸಮಿತಿಗೆ ಹಿಂದೆ ಅವರೇ ಅಧ್ಯಕ್ಷರು. 2022ರಲ್ಲೇ ಈ ಕ್ರೆಡಿಟ್ ವ್ಯವಸ್ಥೆ ಬಹುಪಾಲು ನಾಟಕ ಎಂದಿದ್ದರು. ಅದನ್ನು ಪರಿಶೀಲಿಸಲು ಸರ್ಕಾರ ದೇಶದ ಮಾಜಿ ಮುಖ್ಯ ವಿಜ್ಞಾನಿ ಇಯಾನ್ ಚಬ್ ನೇತೃತ್ವದಲ್ಲಿ ಸಮಿತಿ ನೇಮಿಸಿತು. 2023ರ ಜನವರಿಯಲ್ಲಿ ವರದಿ ಹೊರಬಂತು: ವ್ಯವಸ್ಥೆ ಒಟ್ಟಾರೆ ಸರಿಯಾಗಿದೆ, ಕಡಿಯದಿರುವ ವಿಧಾನಕ್ಕೆ ಮಾತ್ರ ಇನ್ನು ಹೊಸಬರನ್ನು ಸೇರಿಸಬೇಡಿ. ಹಳಬರು? ಅವರು ಮೊದಲಿನಂತೆ ಕಡಿಯದೆ ಇರಬಹುದು.

ರೈತರನ್ನು ಬೈಯುವುದಿಲ್ಲ. ಬರಗಾಲದಲ್ಲಿ ಕುರಿ ಸತ್ತರೂ ಈ ಹಣ ಬರುತ್ತದೆ, ಯಾರು ಬೇಡ ಅಂತಾರೆ? ನನ್ನ ಕಣ್ಣು ಕೊಳ್ಳುವವರ ಮೇಲೆ. ಕಲ್ಲಿದ್ದಲು ಗಣಿ, ಗ್ಯಾಸ್ ಕಂಪನಿಗಳು ತಮ್ಮ ಮಿತಿ ಮೀರಿದ ಹೊಗೆಗೆ ಇದೇ ಕ್ರೆಡಿಟ್ ಒಪ್ಪಿಸಿ ಕೈ ತೊಳೆದುಕೊಳ್ಳಬಹುದು. ಮರ ಉಳಿಸುವ ಕರಾರು 25 ವರ್ಷದ್ದು ಅಥವಾ 100 ವರ್ಷದ್ದು, ಆಯ್ಕೆ ಜಮೀನಿನವನದು. ಚಿಮಣಿಯಿಂದ ಹೋದ ಕಾರ್ಬನ್ ನೂರಾರು ವರ್ಷ ಮೇಲೆ ಉಳಿಯುತ್ತದೆ. ಅದಕ್ಕೆ ಈ ಕರಾರನ್ನು ಯಾರೂ ಓದಿ ಹೇಳಿಲ್ಲ.